ಹಿಮದಲ್ಲಿ ಆನೆಗಳ ಜಾತ್ರೆ

ಜಾತ್ರೆಗೆ ನಮ್ಮ ಜನ ಆರಿಸಿಕೊಳ್ಳುವುದು ಒಳ್ಳೆಯ ಹವೆಯ ದಿನಗಳನ್ನು. ಸುಗ್ಗಿ ಮುಗಿದಿರಬೇಕು, ಮಳೆ ದೂರವಿರಬೇಕು, ಬಯಲಲ್ಲಿ ಮಲಗಿದರೂ ಮೈ ನಡುಗಬಾರದು. ಜರ್ಮನಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಜಾತ್ರೆಯೊಂದು ನಡೆಯುತ್ತದೆ. ಜನವರಿಯ ಕೊನೆ ಅಥವಾ ಫೆಬ್ರವರಿಯ ಆರಂಭ, ಚಳಿ ಮೂಳೆ ಕೊರೆಯುವ ಕಾಲ. ಯೂರೋಪಿನ ನಾನಾ ದೇಶಗಳಿಂದ ಸಾವಿರಾರು ಮಂದಿ ಮೋಟಾರ್ ಸೈಕಲ್ ಏರಿ ಬವೇರಿಯಾದ ಕಾಡಿನ ಒಂದು ತಗ್ಗಿಗೆ ಬರುತ್ತಾರೆ. ಹಿಮದ ಮೇಲೆ ಒಣಹುಲ್ಲು ಹಾಸಿ ಡೇರೆ ಹೂಡುತ್ತಾರೆ. ಸೌದೆ ಉರಿಸಿ, ಸುತ್ತ ಕುಳಿತು ಹರಟುತ್ತಾರೆ. ಈ ಜಾತ್ರೆಯ ಹೆಸರು ‘ಎಲೆಫಾಂಟೆನ್‌ಟ್ರೆಫೆನ್’, ಅಂದರೆ ಆನೆಗಳ ಕೂಟ.

ಚಳಿ ಕಂಡು ಬಾಗಿಲು ಮುಚ್ಚಿಕೊಳ್ಳುವ ಬದಲು ಅದರೊಳಕ್ಕೇ ಗಾಡಿ ಓಡಿಸಿಕೊಂಡು ಹೋಗುವ ಇವರನ್ನು ಹುಚ್ಚರೆಂದು ತಳ್ಳಿಹಾಕುವುದು ಸುಲಭ. ಆದರೆ ಇವರಲ್ಲಿ ತಲೆ ನರೆತವರೂ ಇದ್ದಾರೆ, ಹತ್ತಾರು ಚಳಿಗಾಲ ಕಂಡವರೂ ಇದ್ದಾರೆ. ಬರೀ ಹುಚ್ಚು ಸಾಹಸ ಅಷ್ಟು ವರ್ಷ ಬಾಳುವುದಿಲ್ಲ. ಹಾಗಾದರೆ ಅವರನ್ನು ಕಾಯುವುದು ಏನು? ಧೈರ್ಯವೇ, ಭಾರಿ ಬೈಕೇ, ಅಥವಾ ಬೇರೇನಾದರೂ ಇದೆಯೇ? ಬೈಕಿನ ಕನಸು ಕಾಣುವ ವಿದ್ಯಾರ್ಥಿಗಳೂ, ಆ ಕನಸಿಗೆ ಹೆದರುವ ತಂದೆತಾಯಿಗಳೂ ತಿಳಿಯಬೇಕಾದ ವಿಷಯ ಇದು.

ಹಸಿರು ಆನೆ

ಎರಡನೇ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಕಾರು ಎಲ್ಲರ ಕೈಗೆಟಕುವ ವಸ್ತುವಾಗಿರಲಿಲ್ಲ. ಬೈಕಿಗೆ ಸೈಡ್‌ಕಾರ್ ಜೋಡಿಸಿ ಸಂಸಾರವನ್ನೇ ಕೂರಿಸಿಕೊಂಡು ಹೋಗುವುದು ವಾಡಿಕೆಯಾಗಿತ್ತು. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ ಸಿನಿಮಾದಲ್ಲಿ ಗೆಳೆಯರಿಬ್ಬರು ಸವಾರಿ ಮಾಡುವ ಮೂರು ಚಕ್ರದ ಗಾಡಿ ನೆನಪಿದೆಯಲ್ಲ, ಅಂಥದ್ದು. ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು ತ್ಸುಂಡಾಪ್ ಕಂಪೆನಿಯ ಕೆ.ಎಸ್. 601. ಸುಮಾರು 600 ಸಿ.ಸಿ.ಯ ಎರಡು ಸಿಲಿಂಡರಿನ ಎಂಜಿನ್, ಚೈನಿನ ಬದಲು ಶಾಫ್ಟ್, ಭಾರಿ ಮೈಕಟ್ಟು, ಹಸಿರು ಬಣ್ಣ. ಜನ ಅದನ್ನು ‘ಹಸಿರು ಆನೆ’ ಎಂದೇ ಕರೆದರು.

1956ರಲ್ಲಿ ಎರ್ನ್ಸ್ಟ್ ಲೆವರ್ಕುಸ್ ಎಂಬ ಪತ್ರಕರ್ತರು ಈ ಆನೆಗಳ ಒಡೆಯರನ್ನು ಸ್ಟುಟ್‌ಗಾರ್ಟ್ ಬಳಿ ಚಳಿಗಾಲದಲ್ಲೇ ಸೇರಿಸಿದರು. ಬಂದದ್ದು ಸಣ್ಣ ಗುಂಪು. ಮುಂದೆ ಬೇರೆ ಬೈಕುಗಳಿಗೂ ಬಾಗಿಲು ತೆರೆಯಿತು. 1960 ಮತ್ತು 70ರ ದಶಕಗಳಲ್ಲಿ ನ್ಯೂರ್ಬರ್ಗ್‌ರಿಂಗ್ ರೇಸ್ ಮೈದಾನದಲ್ಲಿ ನಡೆದ ಕೂಟ 1989ರಿಂದ ಬವೇರಿಯಾದ ಥುರ್ಮಾನ್ಸ್‌ಬಾಂಗ್ ಎಂಬ ಊರಿನ ಸಮೀಪ ನೆಲೆಯೂರಿತು. ತ್ಸುಂಡಾಪ್ ಕಂಪೆನಿ 1984ರಲ್ಲೇ ದಿವಾಳಿಯಾದರೂ ಆನೆಯ ಹೆಸರು ಉಳಿದುಕೊಂಡಿದೆ.

ಗಾಳಿಯ ಲೆಕ್ಕ

ಚಳಿಯ ಸವಾರನಿಗೆ ಮೊದಲ ಶತ್ರು ಗಾಳಿ. ಮೈಯ ಸುತ್ತ ಬೆಚ್ಚಗಿನ ಗಾಳಿಯ ತೆಳುವಾದ ಪದರವೊಂದು ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುವುದೂ ಇದೇ ತತ್ತ್ವದಿಂದ. ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 9 ಡಿಗ್ರಿಯಂತೆ ತಟ್ಟುತ್ತದೆ. ಮೈನಸ್ 10 ಇದ್ದರೆ ಮೈನಸ್ 23ರಂತೆ! ಎಂಜಿನ್ನಿಗೆ ಈ ಲೆಕ್ಕವಿಲ್ಲ. ಗಾಳಿ ಎಷ್ಟೇ ಬೀಸಲಿ, ಲೋಹ ಸುತ್ತಲಿನ ಉಷ್ಣತೆಗಿಂತ ಕೆಳಗಿಳಿಯದು. ತನ್ನದೇ ಬಿಸಿಯನ್ನು ಕಾಪಾಡಿಕೊಳ್ಳಬೇಕಾದ ಕಷ್ಟ ಜೀವವಿರುವ ದೇಹಕ್ಕೆ ಮಾತ್ರ.

ಸೈಕಲ್ ತುಳಿಯುವವನಿಗೆ ತುಳಿತದಿಂದಲೇ ಮೈ ಬಿಸಿಯಾಗುತ್ತದೆ. ಬೈಕ್ ಸವಾರ ಅಲುಗಾಡದೆ ಕೂತಿರುತ್ತಾನೆ. ಆಗ ದೇಹ ಹೃದಯ, ಮಿದುಳುಗಳನ್ನು ಕಾಪಾಡಲು ಕೈಕಾಲಿನ ತುದಿಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳು ಮರಗಟ್ಟುತ್ತವೆ. ಬ್ರೇಕು, ಕ್ಲಚ್ಚುಗಳನ್ನು ಹದವಾಗಿ ಹಿಡಿಯಬೇಕಾದದ್ದು ಅದೇ ಬೆರಳುಗಳಲ್ಲಿ! ಚಳಿ ಇನ್ನೂ ಒಳಗಿಳಿದರೆ ಯೋಚನೆಯೇ ಮಂಕಾಗುತ್ತದೆ. ‘ಇನ್ನು ಹತ್ತೇ ಕಿಲೋಮೀಟರ್’ ಎಂದು ಹಟ ಹಿಡಿಯುವುದು ಇಂಥ ಹೊತ್ತಿನಲ್ಲೇ. ತನ್ನ ಬುದ್ಧಿ ಮಂಕಾಗಿದೆ ಎಂಬುದು ಮಂಕಾದ ಬುದ್ಧಿಗೆ ತಿಳಿಯುವುದಿಲ್ಲ.

ಅದಕ್ಕೇ ಅನುಭವಿಗಳು ನಡುಕ ಹುಟ್ಟುವ ಮೊದಲೇ ನಿಲ್ಲುತ್ತಾರೆ. ಇಳಿದು ನಡೆದಾಡುತ್ತಾರೆ, ಬಿಸಿಯಾದದ್ದು ಕುಡಿಯುತ್ತಾರೆ. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ಹಾಕಿದ ತೆಳು ಬಟ್ಟೆಗಳನ್ನು ನಂಬುತ್ತಾರೆ. ಹಿಂದಿನ ಕಾಲದ ಸವಾರರು ಕೋಟಿನೊಳಗೆ ಎದೆಗೆ ಅಡ್ಡಲಾಗಿ ಹಳೆಯ ದಿನಪತ್ರಿಕೆ ಇಟ್ಟುಕೊಳ್ಳುತ್ತಿದ್ದರು. ಹಾಳೆಗಳ ನಡುವೆ ಸಿಕ್ಕ ಗಾಳಿ ಕಂಬಳಿಯ ಕೆಲಸ ಮಾಡುತ್ತದೆ. ಮದ್ಯ ಕುಡಿದರೆ ಬೆಚ್ಚಗಾಗುತ್ತದೆ ಎಂಬುದು ಬರೀ ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

ತೂಕ ನೆರವಿಗೆ ಬಾರದು

ಭಾರಿ ಬೈಕು ನೆಲವನ್ನು ಬಲವಾಗಿ ಒತ್ತುತ್ತದೆ, ಆದ್ದರಿಂದ ಜಾರುವುದಿಲ್ಲ ಎಂದು ನಂಬಿದವರು ಬಹಳ. ಪಿ.ಯು.ಸಿ. ಭೌತಶಾಸ್ತ್ರ ಓದಿದವರು ಇದನ್ನು ತಾವೇ ಪರೀಕ್ಷಿಸಬಹುದು. ತೂಕ ಹೆಚ್ಚಿದಂತೆ ಟೈರಿನ ಘರ್ಷಣೆ ಹೆಚ್ಚುವುದು ನಿಜ. ಆದರೆ ನಿಲ್ಲಿಸಬೇಕಾದ ರಾಶಿಯೂ ಅಷ್ಟೇ ಹೆಚ್ಚಿರುತ್ತದೆ. ಲೆಕ್ಕದಲ್ಲಿ ಎರಡೂ ಹೊಡೆದು ಹೋಗಿ ಉಳಿಯುವುದು ವೇಗ ಮತ್ತು ಘರ್ಷಣಾಂಕ ಮಾತ್ರ.

ಒಣ ಡಾಂಬರಿನ ಮೇಲೆ ಘರ್ಷಣಾಂಕ ಸುಮಾರು 0.8, ಮಂಜುಗಡ್ಡೆಯ ಮೇಲೆ ಸುಮಾರು 0.1 ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದ ಬೈಕು ಬ್ರೇಕ್ ಹಾಕಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 8 ಮೀಟರಿನಲ್ಲಿ ನಿಲ್ಲಬಲ್ಲದು. ಮಂಜುಗಡ್ಡೆಯ ಮೇಲೆ ಅದಕ್ಕೆ 63 ಮೀಟರ್ ಬೇಕು, ಅದೂ ಬೀಳದಿದ್ದರೆ. ತಿರುವಿನಲ್ಲೂ ಇದೇ ಕಥೆ. ಒಣ ರಸ್ತೆಯಲ್ಲಿ 38 ಡಿಗ್ರಿಯವರೆಗೆ ವಾಲಬಹುದಾದ ಬೈಕು ಮಂಜುಗಡ್ಡೆಯ ಮೇಲೆ 6 ಡಿಗ್ರಿ ದಾಟುವ ಮೊದಲೇ ಜಾರುತ್ತದೆ. ಚಳಿಗೆ ಟೈರಿನ ರಬ್ಬರೂ ಗಡುಸಾಗಿ ಹಿಡಿತ ಇನ್ನಷ್ಟು ತಗ್ಗುತ್ತದೆ.

ಎರಡು ಚಕ್ರದ ಗಾಡಿ ನೆಟ್ಟಗೆ ನಿಂತಿರುವುದೇ ಮುಂದಿನ ಚಕ್ರ ಅತ್ತಿತ್ತ ತಿರುಗುತ್ತ ನೆಲವನ್ನು ಹಿಡಿಯುವುದರಿಂದ. ಹಿಡಿತ ತಪ್ಪಿದರೆ ಸಮತೋಲವೂ ತಪ್ಪಿತು. ಬಿದ್ದಾಗ ಇನ್ನೂರು ಕಿಲೋ ತೂಗುವ ಬೈಕು ಕಾಲ ಮೇಲೇ ಕೂರುತ್ತದೆ. ಆನೆಗಳ ಜಾತ್ರೆಯಲ್ಲಿ ಸೈಡ್‌ಕಾರುಗಳು ಅಷ್ಟೊಂದು ಕಾಣುವುದು ಹಳೆಯ ಕಾಲದ ಮೋಹದಿಂದ ಮಾತ್ರವಲ್ಲ. ಮೂರನೆಯ ಚಕ್ರವಿದ್ದರೆ ಗಾಡಿ ಜಾರಬಹುದು, ಆದರೆ ಮಗುಚುವುದು ಅಪರೂಪ.

ಕಾಣದ ಮಂಜುಗಡ್ಡೆ

ಬೆಳ್ಳಗೆ ಬಿದ್ದಿರುವ ಹಿಮವನ್ನು ಕಂಡವರು ವೇಗ ತಗ್ಗಿಸುತ್ತಾರೆ. ಅಪಾಯವಿರುವುದು ಕಾಣದ್ದರಲ್ಲಿ. ರಸ್ತೆಯ ಮೇಲಿನ ತೆಳು ನೀರು ರಾತ್ರಿ ಹೆಪ್ಪುಗಟ್ಟಿ ಗಾಜಿನಂತೆ ಪಾರದರ್ಶಕವಾಗುತ್ತದೆ. ಕೆಳಗಿನ ಕಪ್ಪು ಡಾಂಬರು ಹಾಗೇ ಕಾಣುವುದರಿಂದ ಇದಕ್ಕೆ ‘ಬ್ಲ್ಯಾಕ್ ಐಸ್’ ಎಂದು ಹೆಸರು. ಮಲೆನಾಡಿನವರು ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಹೆಜ್ಜೆ ಇಡುವಾಗಿನ ಅಳುಕನ್ನು ನೆನೆದರೆ ಸಾಕು. ಪಾಚಿ ಹಸಿರಾಗಿಯಾದರೂ ಕಾಣುತ್ತದೆ, ಇದು ಅದೂ ಇಲ್ಲ. ಸೇತುವೆಗಳ ಮೇಲೂ ಕೆಳಗೂ ತಣ್ಣನೆ ಗಾಳಿ ಹರಿಯುವುದರಿಂದ ಅವು ಬೇರೆ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಬಿಸಿಲು ಬೀಳದ ಬೆಟ್ಟದ ತಿರುವುಗಳಲ್ಲಿ ಮಧ್ಯಾಹ್ನವಾದರೂ ಅದು ಕರಗಿರುವುದಿಲ್ಲ.

ನಮ್ಮ ಯುವಕರು ಇದನ್ನು ಎದುರಿಸುವುದು ಹಿಮಾಲಯದಲ್ಲಿ. ಬೆಂಗಳೂರು, ಮಂಗಳೂರುಗಳಿಂದ ಲಡಾಖ್‌ಗೆ ಬೈಕಿನಲ್ಲಿ ಹೋಗುವುದು ಈಗ ಅನೇಕರ ಹಂಬಲ. ಅಕ್ಟೋಬರ್ 2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಚಳಿಗಾಲದಲ್ಲಿ ಮುಚ್ಚುವ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಯನ್ನು ಏರದೆಯೇ ಮನಾಲಿಯಿಂದ ಆಚೆ ದಾಟಬಹುದಾಗಿದೆ. ಆದರೆ ಸುರಂಗದ ಒಳಗೆ ಹಿಮವಿಲ್ಲದಿದ್ದರೂ ಅದರ ಎರಡೂ ಬಾಯಿಗಳ ಹೊರಗೆ ಹಿಮವಿದೆ. ಹಗಲು ಕರಗಿ ರಸ್ತೆಗೆ ಹರಿದ ನೀರು ಇರುಳಲ್ಲಿ ಗಾಜಾಗುತ್ತದೆ. ಹಿಮ ಬಿದ್ದ ದಿನಗಳಲ್ಲಿ ಪೊಲೀಸರು ಅಲ್ಲಿ ದ್ವಿಚಕ್ರ ವಾಹನಗಳನ್ನು ತಡೆಯುವುದು ಕಿರುಕುಳ ಕೊಡಲು ಅಲ್ಲ.

ಬಿಡುವಿನ ದಿನಗಳು

ಆನೆಗಳ ಕೂಟದಲ್ಲಿ ಶನಿವಾರ ರಾತ್ರಿ ಪಂಜಿನ ಮೆರವಣಿಗೆ ನಡೆಯುತ್ತದೆ. ರಸ್ತೆಯಲ್ಲಿ ಪ್ರಾಣ ಕಳೆದುಕೊಂಡ ಸವಾರರ ನೆನಪಿಗಾಗಿ ಆ ದೀಪಗಳು. ಚಳಿಗೆ ಧೈರ್ಯವಂತ, ಅಂಜುಬುರುಕ ಎಂಬ ಭೇದವಿಲ್ಲ ಎಂಬುದನ್ನು ಅಲ್ಲಿ ಸೇರಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗ ಅಥವಾ ಮಗಳು ಹಿಮಾಲಯದ ಸವಾರಿಗೆ ಹೊರಟೆನೆಂದರೆ ಹೆತ್ತವರು ಸಾಮಾನ್ಯವಾಗಿ ಕೇಳುವುದು, ಯಾವ ಬೈಕು, ಜೊತೆಗೆ ಯಾರು, ಖರ್ಚೆಷ್ಟು ಎಂದು. ಇವುಗಳ ಜೊತೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ‘ಬಿಡುವಿನ ದಿನ ಎಷ್ಟು ಇಟ್ಟುಕೊಂಡಿದ್ದೀ?’ ಸೋಮವಾರ ಪರೀಕ್ಷೆ, ಭಾನುವಾರ ರಾತ್ರಿ ರೈಲು ಎಂದು ಬಿಗಿಯಾಗಿ ಲೆಕ್ಕ ಹಾಕಿ ಹೊರಟವನಿಗೆ ರಸ್ತೆ ಗಾಜಾಗಿದ್ದರೂ ಮುಂದೆ ಹೋಗದೆ ಗತಿಯಿಲ್ಲ. ಕೈಯಲ್ಲಿ ಎರಡು ದಿನ ಹೆಚ್ಚಿದ್ದರೆ ಬಿಸಿಲೇರುವ ತನಕ ಚಹಾದಂಗಡಿಯಲ್ಲಿ ಕೂರಬಹುದು, ಒಂದು ರಾತ್ರಿ ಹೆಚ್ಚು ತಂಗಬಹುದು, ಬೇಕೆನಿಸಿದರೆ ಗಾಡಿ ತಿರುಗಿಸಬಹುದು. ಹಿಂದಿರುಗಿದ ಮಕ್ಕಳನ್ನು ಮನೆಯವರೂ ಗೆಳೆಯರೂ ‘ತುದಿ ಮುಟ್ಟಲಿಲ್ಲವಲ್ಲ’ ಎಂದು ಹಂಗಿಸಬಾರದು. ಆ ರಸ್ತೆ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.