ಗಾಜಿನ ಒಲೆ ಮೇಲಿನ ಕಲೆ: ಉಜ್ಜೋ ಮುಂಚೆ ಗುರುತು ಹಿಡೀರಿ

ಈ ವಾರದ ವಿಷಯ ಅಡುಗೆಮನೆಯದ್ದು. ಅಡುಗೆ ಬರದೇ ಇದ್ರೂ ಪರವಾಗಿಲ್ಲ, ಬಾಡಿಗೆ ಮನೇಲಿ ಇರೋರು ಪೂರ್ತಿ ಕೇಳಿ.

ಜರ್ಮನಿಯಲ್ಲಿ ಮಾಸ್ಟರ್ಸ್ ಮುಗಿಸಿದ ನನ್ನ ಗೆಳತಿಯೊಬ್ಬಳು ಮನೆ ಖಾಲಿ ಮಾಡ್ತಿದ್ದಾಳೆ. ಕಳೆದ ವಾರ ಮೂರು ಫೋಟೋ ಕಳಿಸಿದ್ಲು, ಮೂರೂ ಅವಳ ಒಲೆಯವೇ. ಕಪ್ಪು ಗಾಜಿನ ಮೇಲೆ ಒಂದು ಕಡೆ ಬಿಳಿ ಉಂಗುರ, ಇನ್ನೊಂದು ಕಡೆ ಬೂದು ಗೀರುಗಳು, ಮೂರನೇ ಕಡೆ ಸಾಸಿವೆ ಕಾಳಿನಷ್ಟು ಸಣ್ಣ ಗುಳಿಗಳು. 'ಡೆಪಾಸಿಟ್ ಹೋಯ್ತಾ?' ಅನ್ನೋದು ಅವಳ ಪ್ರಶ್ನೆ. ಅಲ್ಲಿನ ಕಾನೂನು ಪ್ರಕಾರ ಮಾಲೀಕರು ಹೆಚ್ಚಂದ್ರೆ 3 ತಿಂಗಳ ಬಾಡಿಗೆಯಷ್ಟು ಡೆಪಾಸಿಟ್ ತಗೋಬಹುದು. ಬೆಂಗಳೂರಿನವರಿಗೆ ಇದು ಕಡಿಮೆ ಅನ್ನಿಸಬಹುದು. ಆದ್ರೆ ಯೂರೋದಲ್ಲಿ ಲೆಕ್ಕ ಹಾಕಿ, ವಾಪಸ್ ಬರೋ ಟಿಕೆಟ್ ದುಡ್ಡೇ ಅದರಲ್ಲಿದೆ.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಕಲೆ ಕಂಡ ತಕ್ಷಣ ಉಜ್ಜಬೇಡಿ. ಅದು ಯಾವ ಕಲೆ ಅಂತ ಮೊದಲು ನೋಡಿ. ಒಂದೊಂದು ಕಲೆಗೂ ಒಂದೊಂದು ಔಷಧಿ ಇದೆ.

ಇದು ಯಾವ ಗಾಜು?

ನಮ್ಮೂರಿನ ಗ್ಯಾಸ್ ಸ್ಟವ್ ಮೇಲಿರೋದು ಟಫನ್ಡ್ ಗ್ಲಾಸ್. ಅಲ್ಲಿ ಬೆಂಕಿ ಗಾಜಿನ ಮೇಲೆ ಉರಿಯುತ್ತೆ. ಸೆರಾಮಿಕ್ ಗ್ಲಾಸ್ ಒಲೆಯಲ್ಲಿ ಕಾಯಿಸೋ ಭಾಗ ಗಾಜಿನ ಕೆಳಗಿರುತ್ತೆ, ಶಾಖ ಗಾಜನ್ನ ದಾಟಿ ಪಾತ್ರೆಗೆ ಬರುತ್ತೆ. ನಿಮ್ಮ ರೂಮಿನ ಇಂಡಕ್ಷನ್ ಸ್ಟವ್ ಮೇಲಿರೋದೂ ಸಾಮಾನ್ಯವಾಗಿ ಇದೇ ಜಾತಿಯ ಗಾಜು. ಹಾಗಾಗಿ ಇದು ವಿದೇಶದಲ್ಲಿ ಇರೋರಿಗೆ ಮಾತ್ರ ಅಂತ ಸ್ಕಿಪ್ ಮಾಡಬೇಡಿ.

ಈ ವಸ್ತು ಸಿಕ್ಕಿದ್ದೇ ಆಕಸ್ಮಿಕವಾಗಿ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ ಅನ್ನೋ ವಿಜ್ಞಾನಿ ಗಾಜಿನ ತುಂಡೊಂದನ್ನ ಕುಲುಮೆಗೆ ಇಟ್ಟಿದ್ರು. 600 ಡಿಗ್ರಿಗೆ ನಿಲ್ಲಬೇಕಿದ್ದ ಕುಲುಮೆ ಕೆಟ್ಟು 900 ಡಿಗ್ರಿಗೆ ಏರ್ತು. ಗಾಜು ಕರಗಿ ಹೋಗಿರುತ್ತೆ ಅಂದುಕೊಂಡ್ರೆ ಅದು ಬಿಳಿಯಾಗಿ ಗಟ್ಟಿಯಾಗಿತ್ತು. ಕೈ ಜಾರಿ ನೆಲಕ್ಕೆ ಬಿದ್ರೂ ಒಡೀಲಿಲ್ಲ. ಅದರಿಂದಲೇ ಮುಂದೆ ಗ್ಲಾಸ್-ಸೆರಾಮಿಕ್ ಬೆಳೀತು. ಒಲೆಗೆ ಬಳಸೋ ಬಗೆಯ ದೊಡ್ಡ ಗುಣ ಅಂದ್ರೆ, ಬಿಸಿಯಾದ್ರೆ ಹಿಗ್ಗಲ್ಲ, ತಣ್ಣಗಾದ್ರೆ ಕುಗ್ಗಲ್ಲ. ಅಂದ್ರೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನೋಷ್ಟು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬಿಳಿ ಉಂಗುರ

ಇದು ಗಡಸು ನೀರಿನ ಸುಣ್ಣ. ಬೋರ್‌ವೆಲ್ ನೀರಿರೋ ಮನೆಗಳ ನಲ್ಲಿ ಮೇಲೆ ಕಟ್ಟುತ್ತಲ್ಲ, ಅದೇ. ಸೋಪು ಹಾಕಿ ಎಷ್ಟು ಉಜ್ಜಿದ್ರೂ ಪ್ರಯೋಜನ ಇಲ್ಲ, ಹುಳಿ ಬೇಕು. ಒಲೆ ತಣ್ಣಗಾದ ಮೇಲೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ, ಐದತ್ತು ನಿಮಿಷ ಬಿಟ್ಟು, ಒದ್ದೆ ಬಟ್ಟೇಲಿ ಒರೆಸಿ, ಆಮೇಲೆ ಒಣಬಟ್ಟೆ. ಕಾಮನಬಿಲ್ಲಿನ ತರ ಹೊಳೆಯೋ ಪದರಕ್ಕೂ ಇದೇ ಮದ್ದು.

ಬೂದು ಗೀರು

ಇದರ ಮೇಲೆ ಉಗುರು ಆಡಿಸಿ ನೋಡಿ. ಉಗುರು ತಗುಲದಿದ್ರೆ ಅದು ಗೀರು ಅಲ್ಲ. ಅಲ್ಯೂಮಿನಿಯಂ ಪಾತ್ರೆಯನ್ನ ಗಾಜಿನ ಮೇಲೆ ಎಳೆದಾಗ ಲೋಹವೇ ಪೆನ್ಸಿಲ್ ಗೆರೆ ತರ ಅಂಟಿರುತ್ತೆ. ಸೆರಾಮಿಕ್ ಒಲೆಗೆ ಅಂತಲೇ ಸಿಗೋ ಕ್ಲೀನಿಂಗ್ ಕ್ರೀಮ್ ಹಾಕಿ ಮೆತ್ತಗಿನ ಬಟ್ಟೇಲಿ ತಾಳ್ಮೆಯಿಂದ ಉಜ್ಜಿ. ಸ್ಟೀಲ್ ನಾರು, ಪಾತ್ರೆ ಪೌಡರ್ ಬೇಡವೇ ಬೇಡ. ಅವು ನಿಜವಾದ ಗೀರು ಹಾಕ್ತವೆ. ಇನ್ಮೇಲೆ ಪಾತ್ರೆಯನ್ನ ಎಳೀದೆ ಎತ್ತಿ ಇಡಿ, ತಳ ಒರೆಸಿ ಇಡಿ.

ಸುಟ್ಟು ಹಿಡಿದದ್ದು

ಅನ್ನದ ಗಂಜಿ, ಉಕ್ಕಿದ ಹಾಲು, ಸಾರು. ಒಲೆ ತಣ್ಣಗಾಗಲಿ. ಸೋಪು ನೀರಲ್ಲಿ ಅದ್ದಿದ ಬಟ್ಟೆಯನ್ನ 15 ನಿಮಿಷ ಮೇಲೆ ಹಾಸಿಡಿ. ಉಳಿದದ್ದನ್ನ ಬ್ಲೇಡ್ ಹಾಕೋ ಸ್ಕ್ರೇಪರ್‌ನಿಂದ, ಬ್ಲೇಡನ್ನ ಸ್ವಲ್ಪ ವಾಲಿಸಿ ಹಿಡಿದು, ಮೆಲ್ಲಗೆ ಕೆರೆದು ತೆಗೀರಿ. ಬ್ಲೇಡ್ ಹೊಸದಿರಲಿ. ಚಾಕು ಬೇಡ.

ಸಕ್ಕರೆ, ಬೆಲ್ಲ

ಇಲ್ಲಿ ಮಾತ್ರ ನಿಯಮ ಉಲ್ಟಾ, ತಣ್ಣಗಾಗೋ ತನಕ ಕಾಯಬಾರದು. ಪಾಯಸ, ಬೆಲ್ಲದ ಪಾಕ, ಜಾಮ್ ಉಕ್ಕಿ ಬಿಸಿ ಗಾಜಿನ ಮೇಲೆ ಬಿತ್ತು ಅಂದ್ಕೊಳ್ಳಿ. ಪಾಕ ತಣ್ಣಗಾಗ್ತಾ ಗಾಜಿಗೆ ಕಚ್ಚಿಕೊಂಡು ಕುಗ್ಗುತ್ತೆ. ಗಾಜು ಕುಗ್ಗಲ್ಲ ಅಂದಿದ್ನಲ್ಲ? ಆ ಎಳೆದಾಟದಲ್ಲಿ ಗಾಜಿನ ಸಣ್ಣ ಚೂರುಗಳೇ ಕಿತ್ತು ಬರ್ತವೆ. ಗುಳಿ ಬೀಳೋದು ಹೀಗೆ. ಒಲೆ ಆಫ್ ಮಾಡಿ, ಪಾತ್ರೆ ಎತ್ತಿ, ಕೈಗೆ ದಪ್ಪ ಓವನ್ ಗ್ಲೌಸ್ ಹಾಕಿ, ಬಿಸಿ ಇರುವಾಗಲೇ ಸ್ಕ್ರೇಪರ್‌ನಿಂದ ತಣ್ಣಗಿರೋ ಜಾಗಕ್ಕೆ ತಳ್ಳಿ. ಪ್ಲಾಸ್ಟಿಕ್ ಕರಗಿ ಅಂಟಿದ್ರೂ ಹೀಗೇ ಮಾಡಿ.

ಬಿದ್ದ ಗುಳಿಯನ್ನ ಯಾವ ಕ್ರೀಮೂ ತುಂಬಲ್ಲ. ಗೆಳತಿಯ ಮೂರು ಫೋಟೋದಲ್ಲಿ ಎರಡು ಕಲೆ ಹೋಗುತ್ತೆ, ಮೂರನೇದು ಹೋಗಲ್ಲ. ಅದನ್ನ ಮಾಲೀಕರಿಗೆ ತಾನೇ ಮೊದಲು ತೋರಿಸೋದು ವಾಸಿ ಅಂತ ಹೇಳ್ದೆ.

ಗುಳಿಗಿಂತ ದೊಡ್ಡ ವಿಷಯ ಬಿರುಕು. ಮೇಲಿನ ಶೆಲ್ಫ್‌ನಿಂದ ಉಪ್ಪಿನಕಾಯಿ ಜಾಡಿ ಬಿದ್ದು ಗಾಜು ಸೀಳಿದ್ರೆ ಮೇನ್ ಸ್ವಿಚ್ ಆಫ್ ಮಾಡಿ, ಮತ್ತೆ ಬಳಸಬೇಡಿ. ಬಿರುಕಿನಿಂದ ನೀರು ಒಳಗಿಳಿದ್ರೆ ಶಾಕ್ ಹೊಡೆಯುತ್ತೆ. ಗಾಜು ಬದಲಾಯಿಸದೆ ಬೇರೆ ದಾರಿ ಇಲ್ಲ.

ಇನ್ನು ಓವನ್

ಒಳಗೋಡೆ ಯಾವ ಥರದ್ದು ಅಂತ ಮೊದಲು ಮ್ಯಾನ್ಯುಯಲ್‌ನಲ್ಲಿ ನೋಡಿ. ನುಣುಪಾದ ಎನಾಮೆಲ್ ಆಗಿದ್ರೆ ಅಡುಗೆ ಸೋಡಾಗೆ ಸ್ವಲ್ಪ ನೀರು ಕಲಸಿ ಹಚ್ಚಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒರೆಸಿ. ಕಾಯೋ ಕಾಯಿಲ್‌ಗೆ, ಫ್ಯಾನ್‌ಗೆ ಮೆತ್ತಬೇಡಿ. ಕೈಗೆ ಒರಟಾಗಿ ಸಿಗೋ ಕ್ಯಾಟಲಿಟಿಕ್ ಗೋಡೆಗೆ ಏನನ್ನೂ ಹಚ್ಚಬಾರದು, ಉಜ್ಜಲೂಬಾರದು. ಬಿಸಿಯಾದಾಗ ಜಿಡ್ಡನ್ನ ಅದೇ ಸುಡುತ್ತೆ. ಮೂರನೇದು ಪೈರೋಲಿಟಿಕ್. ಬಟನ್ ಒತ್ತಿದ್ರೆ ಸುಮಾರು 500 ಡಿಗ್ರಿಗೆ ಏರಿ ಕೊಳೆಯನ್ನ ಬೂದಿ ಮಾಡುತ್ತೆ. ನಾನ್‌ಸ್ಟಿಕ್ ಟ್ರೇ ಏನಾದ್ರೂ ಒಳಗಿದ್ರೆ ತೆಗೆದಿಡಿ, ಕಿಟಕಿ ತೆರೀರಿ. ಮನೇಲಿ ಲವ್‌ಬರ್ಡ್ಸ್ ಇದ್ರೆ ದೂರ ಇಡಿ, ಆ ಹೊಗೆ ಹಕ್ಕಿಗಳ ಜೀವಕ್ಕೇ ಅಪಾಯ.

ಒಲೆಗೆ ಬಳಸಿದ ಬ್ಲೇಡನ್ನ ಓವನ್ ಬಾಗಿಲಿಗೆ ಮಾತ್ರ ಬಳಸಬೇಡಿ. ಬಾಗಿಲಿನದ್ದು ಟಫನ್ಡ್ ಗ್ಲಾಸ್, ಗೀರು ಬಿದ್ರೆ ಮುಂದೊಂದು ದಿನ ಇದ್ದಕ್ಕಿದ್ದಂಗೆ ಪುಡಿಪುಡಿ ಆಗಬಹುದು.

ರೀಲ್ಸ್‌ನಲ್ಲಿ ಸೋಡಾ ಮೇಲೆ ವಿನೆಗರ್ ಸುರಿದು ಬುಸ್ ಅಂತ ನೊರೆ ಬರಿಸ್ತಾರಲ್ಲ? ಒಂದು ಕ್ಷಾರ, ಇನ್ನೊಂದು ಆಮ್ಲ. ಸೇರಿದ್ರೆ ಒಂದರ ಕೆಲಸ ಇನ್ನೊಂದು ಕೆಡಿಸುತ್ತೆ, ಉಳಿಯೋದು ಹೆಚ್ಚುಕಮ್ಮಿ ಉಪ್ಪುನೀರು. ಜಿಡ್ಡಿಗೆ ಸೋಡಾ, ಸುಣ್ಣಕ್ಕೆ ವಿನೆಗರ್, ಬೇರೆ ಬೇರೆಯಾಗಿ ಬಳಸಿ. ವಿನೆಗರ್ ಜೊತೆ ಬ್ಲೀಚ್ ಅಂತೂ ಯಾವತ್ತೂ ಸೇರಿಸಬೇಡಿ, ವಿಷದ ಕ್ಲೋರಿನ್ ಅನಿಲ ಬರುತ್ತೆ.

ಕೊನೇದಾಗಿ, ಹೊಸ ಮನೆಗೆ ಹೋಗೋರಿಗೆ: ಮೊದಲ ದಿನವೇ ಒಲೆ, ಓವನ್ ಎರಡರ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಆಗಲೇ ಇದ್ದ ಕಲೆಯನ್ನ ಮನೆ ಹಸ್ತಾಂತರದ ಪತ್ರದಲ್ಲಿ ಬರೆಸಿ, ಸಹಿ ಹಾಕಿಸಿ. ಯಾವ ಊರಿನ ಡೆಪಾಸಿಟ್‌ಗೂ ಇದಕ್ಕಿಂತ ಅಗ್ಗದ ಇನ್ಶೂರೆನ್ಸ್ ಇಲ್ಲ.