ಗಡುವು ಮೀರಿದಾಗ, ಪರೀಕ್ಷೆ ಮುಂದೆ ಹೋದಾಗ



ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮಳೆಗಾಲ ನಿಮಗೆ ಹೊಸದಲ್ಲ. ಸೌಪರ್ಣಿಕೆ ಉಕ್ಕಿದರೆ ನಾವುಂದದ ಸಾಲ್ಬುಡದಲ್ಲಿ ಮನೆಯಿಂದ ಹೊರಬರಲು ದೋಣಿಯೇ ಬೇಕಾಗುತ್ತದೆ. ನೆರೆ ಬಂದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ಆದರೆ ನರ್ಸಿಂಗ್, ಫಾರ್ಮಸಿ, ವೈದ್ಯಕೀಯದಂತಹ ಕೋರ್ಸು ಓದುತ್ತಿರುವವರಿಗೆ ಆ ರಜೆ ಅನ್ವಯಿಸುತ್ತದೆಯೇ? ಆ ದಿನ ಒಪ್ಪಿಸಬೇಕಾದ ರೆಕಾರ್ಡ್ ಪುಸ್ತಕದ ಗತಿ ಏನು? ಆಂತರಿಕ ಪರೀಕ್ಷೆ ತಪ್ಪಿದರೆ ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಒಂದು ವರ್ಷವನ್ನೇ ಕಳೆದುಕೊಳ್ಳುವ ಅಪಾಯವಿದೆ.

ಮೊದಲು ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದನ್ನು ತಿಳಿಯಿರಿ. ರಾಜ್ಯದ ಹೆಚ್ಚಿನ ಆರೋಗ್ಯ ಶಿಕ್ಷಣ ಕಾಲೇಜುಗಳು 1996ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿವೆ. ನಮ್ಮ ಪಕ್ಕದ ಮಣಿಪಾಲದ ಸಂಸ್ಥೆ 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಅಲ್ಲಿ ಪರೀಕ್ಷೆಯನ್ನು ನಡೆಸುವುದು ಆ ಸಂಸ್ಥೆಯೇ. ಆದುದರಿಂದ ಗೆಳೆಯರ ಕಾಲೇಜಿನ ರೂಢಿ ನಿಮ್ಮಲ್ಲಿಯೂ ನಡೆಯುತ್ತದೆಂದು ತಿಳಿಯಬಾರದು.

ಎರಡನೆಯದಾಗಿ, ದಿನಾಂಕಗಳಲ್ಲಿ ಎರಡು ಬಗೆ ಇವೆ. ಅಸೈನ್‌ಮೆಂಟ್, ರೆಕಾರ್ಡ್, ಆಂತರಿಕ ಪರೀಕ್ಷೆ ಇವು ಕಾಲೇಜು ನಿಗದಿಪಡಿಸಿದ ದಿನಗಳು. ಇವುಗಳ ಬಗ್ಗೆ ವಿಷಯದ ಅಧ್ಯಾಪಕರು, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ನಿಮ್ಮ ಕಷ್ಟ ಕೇಳಿ ತೀರ್ಮಾನಿಸಬಲ್ಲರು. ವಾರ್ಷಿಕ ಅಥವಾ ಸೆಮಿಸ್ಟರ್ ಪರೀಕ್ಷೆ ವಿಶ್ವವಿದ್ಯಾಲಯದ್ದು. ಅದನ್ನು ಒಬ್ಬ ವಿದ್ಯಾರ್ಥಿಗಾಗಿ ಮುಂದೂಡುವ ಅಧಿಕಾರ ಪ್ರಾಂಶುಪಾಲರಿಗೂ ಇಲ್ಲ. ತಪ್ಪಿಸಿಕೊಂಡವರು ಸಾಮಾನ್ಯವಾಗಿ ಮುಂದಿನ ಸರದಿಯ ಪರೀಕ್ಷೆಗೇ ಕಾಯಬೇಕು. ಜಿಲ್ಲಾಧಿಕಾರಿಗಳ ರಜೆಯ ಆದೇಶ ಬಂದಾಗಲೂ ಅದರಲ್ಲಿ ಯಾವ ಯಾವ ಸಂಸ್ಥೆಗಳನ್ನು ಹೆಸರಿಸಲಾಗಿದೆ ಎಂದು ಓದಿ ನೋಡಿ. ಪ್ರೌಢಶಾಲೆಗೆ ಕೊಟ್ಟ ರಜೆ ನರ್ಸಿಂಗ್ ಕಾಲೇಜಿಗೆ ಕೊಟ್ಟ ರಜೆಯಲ್ಲ.

ಆರೋಗ್ಯ ಶಿಕ್ಷಣದಲ್ಲಿ ಈ ಬಿಗಿ ಏಕೆ ಎಂದು ನೀವು ಕೇಳಬಹುದು. ಉದಾಹರಣೆಗೆ ಬಿ.ಎಸ್ಸಿ. ನರ್ಸಿಂಗ್ ನೋಡೋಣ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕುಳಿತುಕೊಳ್ಳಲು ಪಾಠದಲ್ಲಿಯೂ ಪ್ರಾಯೋಗಿಕದಲ್ಲಿಯೂ ಪ್ರತ್ಯೇಕವಾಗಿ ಶೇಕಡಾ 80 ಹಾಜರಿ ಬೇಕು. ಪದವಿ ಕೈಗೆ ಬರುವ ಮೊದಲು ಪ್ರತಿಯೊಂದು ಪ್ರಾಯೋಗಿಕ ಕ್ಷೇತ್ರದಲ್ಲಿ ಶೇಕಡಾ 100 ಹಾಜರಿ ತುಂಬಿರಬೇಕು. ಅಂದರೆ ಜ್ವರದಿಂದಲೋ ನೆರೆಯಿಂದಲೋ ತಪ್ಪಿದ ವಾರ್ಡ್ ಡ್ಯೂಟಿಯನ್ನು ಮನ್ನಾ ಮಾಡುವುದಿಲ್ಲ. ಅದನ್ನು ಮತ್ತೊಮ್ಮೆ ಮಾಡಿ ತೀರಿಸಲೇಬೇಕು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇತಿಹಾಸದ ಪ್ರಬಂಧವನ್ನು ಒಂದು ವಾರ ತಡವಾಗಿ ಬರೆದರೂ ಪುಸ್ತಕ ಅಲ್ಲೇ ಇರುತ್ತದೆ. ಆದರೆ ರೋಗಿಯ ಕೇಸ್ ಸ್ಟಡಿ ಹಾಗಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿರುತ್ತಾನೆ. ಅವನ ನಾಡಿ, ಉಷ್ಣತೆ, ರಕ್ತದೊತ್ತಡವನ್ನು ಅಂದೇ ಬರೆದುಕೊಳ್ಳದವರು ಕೊನೆಗೆ ಊಹಿಸಿ ಬರೆಯುತ್ತಾರೆ, ಇಲ್ಲವೇ ಗೆಳತಿಯ ರೆಕಾರ್ಡ್ ನೋಡಿ ನಕಲು ಮಾಡುತ್ತಾರೆ. ಇಂದು ರೆಕಾರ್ಡ್ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆದ ಕೈ ನಾಳೆ ಆಸ್ಪತ್ರೆಯ ಚಾರ್ಟಿನಲ್ಲಿಯೂ ಬರೆಯಬಹುದು. ಆ ಅಂಕಿಯನ್ನು ನಂಬಿ ವೈದ್ಯರು ಔಷಧ ಕೊಡುತ್ತಾರೆ. ಆದ್ದರಿಂದ ತಡವಾಗಿದ್ದರೆ ತಡವಾಗಿದೆ ಎಂದೇ ಹೇಳಿ, ಬೇರೆ ರೋಗಿಯ ಅಧ್ಯಯನಕ್ಕೆ ಅವಕಾಶ ಕೇಳುವುದು ಲೇಸು.

ಹಾಗಾದರೆ ಕೇಳುವ ಕ್ರಮ ಹೇಗೆ? ಬೈಂದೂರಿನ ವಿದ್ಯಾರ್ಥಿನಿಯೊಬ್ಬಳಿಗೆ ಆಂತರಿಕ ಪರೀಕ್ಷೆಯ ಹಿಂದಿನ ರಾತ್ರಿ ಜ್ವರ ಬಂತೆಂದು ಇಟ್ಟುಕೊಳ್ಳಿ. ಅವಳು ಮರುದಿನ ಬೆಳಿಗ್ಗೆ, ಪರೀಕ್ಷೆ ಆರಂಭವಾಗುವ ಮುನ್ನವೇ ಕಾಲೇಜಿಗೆ ಫೋನ್ ಮಾಡಿ ತಿಳಿಸಬೇಕು. ವೈದ್ಯರನ್ನು ಕಂಡ ದಿನವೇ ಪ್ರಮಾಣಪತ್ರ ಪಡೆಯಬೇಕು. ಕಾಲೇಜಿಗೆ ಮರಳಿದ ಕೂಡಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ನಾಲ್ಕು ವಿಷಯ ಸಾಕು: ತಪ್ಪಿದ್ದು ಏನು, ಯಾವ ದಿನ, ಕಾರಣವೇನು, ಯಾವ ದಿನದೊಳಗೆ ಪೂರೈಸುವಿರಿ. ಅರ್ಜಿಯ ಒಂದು ಪ್ರತಿಯಲ್ಲಿ ಕಚೇರಿಯ ಸ್ವೀಕೃತಿ ಹಾಕಿಸಿ ಇಟ್ಟುಕೊಳ್ಳಿ. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತರುವ ಯೋಚನೆ ಮಾತ್ರ ಬೇಡ. ನಾಳೆ ಜನರು ನಂಬಬೇಕಾದ ವೃತ್ತಿಗೆ ಸೇರುವವರು ನೀವು.

ಇನ್ನು ಪರೀಕ್ಷೆಯೇ ಎಲ್ಲರಿಗೂ ಮುಂದೆ ಹೋದ ಸಂದರ್ಭ. ಕೋವಿಡ್ ಕಾಲದಲ್ಲಿ, 2021ರ ಏಪ್ರಿಲ್ 18ಕ್ಕೆ ನಿಗದಿಯಾಗಿದ್ದ ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನಡೆದದ್ದು ಸೆಪ್ಟೆಂಬರ್ 11ರಂದು. 2024ರಲ್ಲಿ ಅದೇ ಪರೀಕ್ಷೆ ಜೂನ್ 23ಕ್ಕೆ ಇತ್ತು. ಮುಂದೂಡಿದ ಸುದ್ದಿ ಹಿಂದಿನ ರಾತ್ರಿ ಹೊರಬಿತ್ತು. ದೂರದ ಊರುಗಳಿಂದ ಬಂದಿದ್ದವರು ಮರಳಬೇಕಾಯಿತು. ಆಗಸ್ಟ್ 11ರಂದು ಪರೀಕ್ಷೆ ನಡೆಯಿತು. ಇಂತಹ ವೇಳೆ ಮೊಬೈಲಿನಲ್ಲಿ ಹರಿದಾಡುವ ಮಾತನ್ನು ನಂಬಿ ಮನೆಯಲ್ಲಿ ಕೂರಬೇಡಿ. ಊಹಾಪೋಹ ನಂಬಿ ಪರೀಕ್ಷೆ ತಪ್ಪಿಸಿಕೊಂಡರೆ ಯಾವ ಅರ್ಜಿಯೂ ಉಳಿಸದು. ವಿಶ್ವವಿದ್ಯಾಲಯದ ಸುತ್ತೋಲೆಯನ್ನು ನೋಡಿ, ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ. ಹೊಸ ದಿನಾಂಕ ಬಂದಾಗ ಹಳೆಯ ಹಾಲ್ ಟಿಕೆಟ್ ನಡೆಯುತ್ತದೆಯೇ ಎಂದೂ ಕೇಳಿ ತಿಳಿಯಿರಿ.

ಮುಂದೆ ಹೋದ ಪರೀಕ್ಷೆ ರದ್ದಾದ ಪರೀಕ್ಷೆಯಲ್ಲ. ಮೊದಲ ಎರಡು ದಿನ ವಿಶ್ರಾಂತಿ ಪಡೆದು, ಉಳಿದ ದಿನಗಳನ್ನು ವಿಷಯವಾರು ಹಂಚಿಕೊಳ್ಳಿ. ಬಾಕಿ ಇರುವ ವಾರ್ಡ್ ಡ್ಯೂಟಿ, ರೆಕಾರ್ಡುಗಳನ್ನು ಈ ಅವಧಿಯಲ್ಲೇ ಮುಗಿಸಿರಿ. ಮಳೆಗಾಲದಲ್ಲಿ ದೂರದ ಕೇಂದ್ರಕ್ಕೆ ಹೋಗುವವರು ಬೆಳಗಿನ ಬಸ್ಸನ್ನೋ ಬಾರ್ಕೂರು, ಕುಂದಾಪುರ, ಬೈಂದೂರು ನಿಲ್ದಾಣಗಳ ರೈಲನ್ನೋ ನಂಬಿಕೊಳ್ಳದೆ ಹಿಂದಿನ ದಿನವೇ ಹೊರಡಿರಿ.

ಕಷ್ಟ ಎಲ್ಲರಿಗೂ ಬರುತ್ತದೆ. ಅದನ್ನು ಸಕಾಲದಲ್ಲಿ, ಸರಿಯಾದವರಿಗೆ, ಇದ್ದದ್ದನ್ನು ಇದ್ದಂತೆ ತಿಳಿಸಿದರೆ ಅರ್ಧ ದಾರಿ ಸವೆದಂತೆ. ಉಳಿದರ್ಧ ನಿಮ್ಮ ದುಡಿಮೆಯಿಂದಲೇ ಸವೆಯಬೇಕು.