ಹತ್ತು ಲಕ್ಷದಲ್ಲೊಂದು ಪಾಲು

ಹರಿಹರದ ಮಗ್ಗುಲಿನ ಗುತ್ತೂರಿನಲ್ಲಿ, ಹತ್ತಡಿ ಉದ್ದಗಲದ ಕೋಣೆಯೊಂದಕ್ಕೆ 100 ವಾಟ್‌ನ ಗಿಟಾರ್ ಆಂಪ್ಲಿಫೈಯರ್ ಬಂತು ಅಂದುಕೊಳ್ಳಿ. ವಾಲ್ಯೂಮ್ ಸೊನ್ನೆಯಲ್ಲಿದ್ದರೆ ಸದ್ದೇ ಇಲ್ಲ. ನಾಬ್ ಮುಟ್ಟಿದರೋ ಇಲ್ಲವೋ ಅನ್ನುವಷ್ಟರಲ್ಲಿ ಓಣಿಯೆಲ್ಲ ಎದ್ದು ಕೂರುತ್ತದೆ. ‘ಸಣ್ಣಗೆ ಮಾಡೋ’ ಅಂತ ಒಳಗಿನಿಂದ ಕೂಗು ಬರುತ್ತದೆ. ಹುಡುಗ ಸಣ್ಣಗೆ ಮಾಡಲು ಹೋಗುತ್ತಾನೆ, ಸದ್ದು ನಿಂತೇ ಹೋಗುತ್ತದೆ. ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ, ಲೆಕ್ಕ ಇರುವುದೇ ಹಾಗೆ.

ಒಳ್ಳೆಯ ಗಿಟಾರ್ ಸ್ಪೀಕರ್‌ಗೆ ಒಂದು ವಾಟ್ ಕೊಟ್ಟರೆ, ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಸದ್ದು ಬರುತ್ತದೆ. ನೂರು ವಾಟ್ ಅಲ್ಲ, ಒಂದೇ ವಾಟ್. ಎದುರುಬದುರು ಕೂತು ಆಡುವ ಮಾತು 60 ಡೆಸಿಬೆಲ್‌ನ ಆಸುಪಾಸಿನದು. ಡೆಸಿಬೆಲ್ ಲೆಕ್ಕದಲ್ಲಿ 10 ಇಳಿದರೆ ಶಕ್ತಿ ಹತ್ತನೇ ಒಂದಾಗುತ್ತದೆ. ನೂರರಿಂದ ಅರವತ್ತಕ್ಕೆ ನಾಲ್ಕು ಮೆಟ್ಟಿಲು, ಅಂದರೆ ವಾಟ್‌ನ ಹತ್ತು ಸಾವಿರದಲ್ಲೊಂದು ಪಾಲು. ಕೋಣೆಯ ಆಂಪ್ಲಿಫೈಯರ್‌ಗೆ ನೂರು ವಾಟ್ ತಾಕತ್ತು ಇರುವುದರಿಂದ, ಮಾತಿನಷ್ಟು ಮೆಲ್ಲಗೆ ನುಡಿಸಲು ಬೇಕಾದ್ದು ಆ ತಾಕತ್ತಿನ ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ. ತುಂಗಭದ್ರೆ ಕೂಡ್ಲಿಯಿಂದ ಕೃಷ್ಣೆಯನ್ನು ಸೇರುವವರೆಗೆ 531 ಕಿಲೋಮೀಟರ್ ಹರಿಯುತ್ತದೆ. ಅದರ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೊಳಕ್ಕಿಂತ ತುಸು ಹೆಚ್ಚು.

ಈಗ ನಾಬ್‌ಗೆ ಬನ್ನಿ. ಅದು ಸುಮಾರು 300 ಡಿಗ್ರಿ ತಿರುಗುತ್ತದೆ. ಅದು ಹಂಚುವುದು ವೋಲ್ಟೇಜನ್ನು, ಶಕ್ತಿ ವೋಲ್ಟೇಜಿನ ವರ್ಗದಂತೆ ಏರುತ್ತದೆ. ಹಾಗಾಗಿ ಹತ್ತು ಲಕ್ಷದಲ್ಲೊಂದು ಶಕ್ತಿಗೆ ಸಾವಿರದಲ್ಲೊಂದು ವೋಲ್ಟೇಜ್ ಸಾಕು. ನಾಬ್‌ನ ಹಿಂದಿರುವುದು ಸಮನಾಗಿ ಏರುವ ಪೊಟೆನ್ಶಿಯೋಮೀಟರ್ ಆದರೆ ಅದು ಸಿಗುವುದು 0.3 ಡಿಗ್ರಿಯಲ್ಲಿ. ಎರಡು ಸೆಂಟಿಮೀಟರ್ ಅಗಲದ ನಾಬ್‌ನ ಅಂಚಿನಲ್ಲಿ ಅಳೆದರೆ 0.05 ಮಿಲಿಮೀಟರ್! ಬೆರಳಿಗೆ ಅದು ಗೊತ್ತೇ ಆಗುವುದಿಲ್ಲ. ಬಹಳಷ್ಟು ಆಂಪ್ಲಿಫೈಯರ್‌ಗಳು ನಾಬ್ ಅರ್ಧ ತಿರುಗುವ ಹೊತ್ತಿಗೇ ಪೂರ್ತಿ ತಾಕತ್ತು ಮುಟ್ಟುವುದರಿಂದ, ನಿಜಸ್ಥಿತಿ ಇನ್ನೂ ಕೆಟ್ಟದ್ದು.

ತಯಾರಕರಿಗೆ ಇದು ತಿಳಿಯದ್ದಲ್ಲ. ಅದಕ್ಕೇ ‘ಲಾಗ್’ ಪೊಟೆನ್ಶಿಯೋಮೀಟರ್ ಹಾಕುತ್ತಾರೆ. ಅರ್ಧ ದಾರಿಗೆ ಅದು ಕೊಡುವುದು ಹತ್ತರಿಂದ ಹದಿನೈದು ಶೇಕಡಾ ವೋಲ್ಟೇಜ್ ಮಾತ್ರ. ಕೇಳಲು ಜಾಣತನದ ಕೆಲಸ. ಆದರೆ ಅಗ್ಗದವುಗಳ ಒಳಗೆ ನಿಜವಾದ ಲಾಗ್ ಏರಿಕೆ ಇರುವುದಿಲ್ಲ, ಎರಡು ನೇರ ಗೆರೆಗಳನ್ನು ಜೋಡಿಸಿರುತ್ತಾರೆ. ಮೊದಲ 150 ಡಿಗ್ರಿಯಲ್ಲಿ ಹತ್ತು ಶೇಕಡಾ ಅಂತ ಹಿಡಿದರೂ ನಮ್ಮ ಸಾವಿರದಲ್ಲೊಂದು ಬರುವುದು 1.5 ಡಿಗ್ರಿಗೆ. ಐದು ಪಟ್ಟು ಸುಧಾರಿಸಿತು, ನಿಜ. ಆದರೂ ಒಂದೂವರೆ ಡಿಗ್ರಿಯಲ್ಲಿ ಯಾರು ಸಂಗೀತ ಅಭ್ಯಾಸ ಮಾಡುತ್ತಾರೆ?

ಸಾದಾ ಪೊಟೆನ್ಶಿಯೋಮೀಟರ್‌ನ ನಡುಕಾಲಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಬೆಸುಗೆ ಹಾಕುವ ಉಪಾಯವೂ ಇದೆ. ಒಂದು ಮೆಗಾಓಮ್‌ನದ್ದಕ್ಕೆ 100 ಕಿಲೋಓಮ್ ಹಾಕಿದರೆ, ಅರ್ಧ ತಿರುವಿನಲ್ಲಿ 50 ಶೇಕಡಾ ಇದ್ದದ್ದು 14ಕ್ಕೆ ಇಳಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಸೊನ್ನೆಯ ಬುಡದಲ್ಲಿ ಏನೂ ಬದಲಾಗುವುದಿಲ್ಲ, ಆ 0.3 ಡಿಗ್ರಿ ಹಾಗೇ ಉಳಿಯುತ್ತದೆ. ರೋಗ ಇರುವ ಜಾಗಕ್ಕೆ ಈ ಮದ್ದು ಮುಟ್ಟುವುದೇ ಇಲ್ಲ.

‘ಸಣ್ಣ ಆಂಪ್ಲಿಫೈಯರ್ ತಗೊಂಡ್ರೆ ಆಯ್ತಲ್ಲ’ ಅನ್ನುವವರೂ ಇದ್ದಾರೆ. 100 ವಾಟ್ ಬಿಟ್ಟು 50 ವಾಟ್ ತಂದರೆ ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ 10 ವಾಟ್‌ಗೆ ಇಳಿಯಬೇಕು. 5 ವಾಟ್‌ನ ಪುಟ್ಟದೂ 107 ಡೆಸಿಬೆಲ್ ಅರಚಬಲ್ಲದು. ಲಂಡನ್ನಿನ ಜಿಮ್ ಮಾರ್ಷಲ್ 1965ರಲ್ಲಿ ‘ದಿ ಹೂ’ ತಂಡಕ್ಕಾಗಿ 100 ವಾಟ್‌ನದ್ದು ಮಾಡಿಕೊಟ್ಟದ್ದು ದೊಡ್ಡ ವೇದಿಕೆಗಾಗಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂಥ ಜನಸಾಗರದ ನಡುವೆ ಅದಕ್ಕೊಂದು ಅರ್ಥವಿದೆ. ಮಲಗುವ ಕೋಣೆಯಲ್ಲಿ ಅದು ಬರೀ ಹಟ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹೊತ್ತು ಇಟ್ಟಿರುವ ಮಿತಿ 45 ಡೆಸಿಬೆಲ್. ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲೇ ಅಷ್ಟಕ್ಕೆ ನಿಲ್ಲಿಸುವುದಾದರೆ, ನೂರು ವಾಟ್‌ನ ಮೂರು ಕೋಟಿಯಲ್ಲೊಂದು ಪಾಲಿಗೆ ತೃಪ್ತಿಪಡಬೇಕು.

ನಾಬ್‌ಗೆ ಬರುವ ಮುಂಚೆಯೇ ಸಿಗ್ನಲ್ಲನ್ನು ತಗ್ಗಿಸುವುದು ನನಗೆ ಕಾಣುವ ಸರಿಯಾದ ದಾರಿ. ಎರಡು ರೆಸಿಸ್ಟರ್‌ಗಳಿಂದ ವೋಲ್ಟೇಜನ್ನು ನೂರನೇ ಒಂದಕ್ಕೆ ಇಳಿಸಿದರೆ, 0.3 ಡಿಗ್ರಿಯಲ್ಲಿ ಸಿಗುತ್ತಿದ್ದ ಸದ್ದು 30 ಡಿಗ್ರಿಗೆ ಹರಡಿಕೊಳ್ಳುತ್ತದೆ. ಎರಡು ರೆಸಿಸ್ಟರ್‌ಗೆ ಕೆಲವೇ ರೂಪಾಯಿ. ಎಫೆಕ್ಟ್ಸ್ ಲೂಪ್ (ಹೊರಗಿನ ಸಾಧನವನ್ನು ನಡುವೆ ಸೇರಿಸುವ ಜಾಗ) ಇರುವ ಆಂಪ್ಲಿಫೈಯರ್ ಆದರೆ ಒಂದು ಪುಟ್ಟ ಡಬ್ಬಿಯಲ್ಲಿ ಇದನ್ನು ಕಟ್ಟಿ ಹೊರಗಿನಿಂದಲೇ ಸಿಕ್ಕಿಸಬಹುದು. ವಾಲ್ವ್ ಆಂಪ್ಲಿಫೈಯರನ್ನಂತೂ ತಿಳಿಯದವರು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಇಷ್ಟಾದ ಮೇಲೂ ಗಿಟಾರ್ ಬಡಕಲಾಗಿ ಕೇಳಿಸಿದರೆ ಡಬ್ಬಿಯನ್ನು ಬೈಯಬೇಡಿ. ಸದ್ದು ತಗ್ಗಿದಂತೆ ಕಿವಿ ಮಂದ್ರ ಸ್ವರಗಳನ್ನು ಮೊದಲು ಕೈಬಿಡುತ್ತದೆ ಎಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಗಿಟಾರಿನ ದಪ್ಪ ತಂತಿ ಮಿಡಿಯುವುದು ಸೆಕೆಂಡಿಗೆ 82 ಸಲ, ಏಟು ಮೊದಲು ಬೀಳುವುದು ಅದಕ್ಕೇ. ಬಾಸ್ ನಾಬನ್ನು ಸ್ವಲ್ಪ ಏರಿಸಿಕೊಳ್ಳಿ.